ತಾರಸಿಯಲ್ಲಿ ಜಾರುಚಾವಣಿ ವೀಕ್ಷಣಾಲಯ: ನಮ್ಮ ಅಕ್ಷಾಂಶಕ್ಕೆ ಒಗ್ಗುವಂತೆ ಕಟ್ಟುವುದು

ಟೆಲಿಸ್ಕೋಪಿಗೆ ಮನೆಯಲ್ಲೇ ಒಂದು ಕಾಯಂ ಗೂಡು, ಅಂದರೆ ಚಾವಣಿಯನ್ನು ಹಳಿಯ ಮೇಲೆ ಪಕ್ಕಕ್ಕೆ ಸರಿಸಿ ಆಕಾಶ ನೋಡುವ ಕೋಣೆ ಕಟ್ಟಲು ಹೊರಟವರಿಗೆ ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳಲ್ಲಿ ಹೆಚ್ಚಿನವು ಅಮೆರಿಕ, ಇಂಗ್ಲೆಂಡ್, ಜರ್ಮನಿಯವರದು. ಅಲ್ಲಿ ಬಹುಪಾಲು ಕಡೆ ಧ್ರುವ ನಕ್ಷತ್ರ ದಿಗಂತದಿಂದ 35–55 ಡಿಗ್ರಿ ಮೇಲಿರುತ್ತದೆ. ಮೈಸೂರಿನಲ್ಲಿ ಅದರ ಎತ್ತರ ಸುಮಾರು 12 ಡಿಗ್ರಿ, ಬೆಂಗಳೂರು, ಮಂಗಳೂರಿನಲ್ಲಿ 13, ಹುಬ್ಬಳ್ಳಿಯಲ್ಲಿ 15, ಬೀದರಿನಲ್ಲಿ 18. ಈ ಒಂದು ವ್ಯತ್ಯಾಸದಿಂದ ಗೋಡೆಯ ಎತ್ತರ, ಚಾವಣಿ ಸರಿಯುವ ದಿಕ್ಕು, ಕಂಬದ ತಲೆಯ ಅಗಲ, ಪೋಲಾರ್ ಅಲೈನ್‌ಮೆಂಟ್ (ಟೆಲಿಸ್ಕೋಪ್ ತಿರುಗುವ ಅಕ್ಷವನ್ನು ಧ್ರುವಕ್ಕೆ ಹೊಂದಿಸುವುದು) ಮಾಡುವ ವಿಧಾನ ಎಲ್ಲವೂ ಬದಲಾಗುತ್ತವೆ. ಅವರ ನಕ್ಷೆಯನ್ನು ಹಾಗೇ ತಂದು ಕಟ್ಟಿಸಿದರೆ ಸರಿದ ಚಾವಣಿಯೇ ಧ್ರುವಕ್ಕೆ ಅಡ್ಡ ನಿಲ್ಲುತ್ತದೆ.

ಈ ತೊಡಕು ದೊಡ್ಡ ವೀಕ್ಷಣಾಲಯಗಳಿಗೂ ಇತ್ತು. ಊಟಿಯ ರೇಡಿಯೊ ದೂರದರ್ಶಕವನ್ನು ಅಲ್ಲಿನ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ ಇಳಿಜಾರಿರುವ ಗುಡ್ಡವನ್ನು ಹುಡುಕಿ, ಅದರ ಮೈಮೇಲೆ ಉತ್ತರ-ದಕ್ಷಿಣವಾಗಿ ಮಲಗಿಸಿದ್ದಾರೆ. ಹೀಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ತಮಿಳುನಾಡಿನ ಕಾವಲೂರಿನ 2.3 ಮೀಟರ್ ವೈನು ಬಪ್ಪು ದೂರದರ್ಶಕಕ್ಕೆ ಕುದುರೆಲಾಳದ ಆಕಾರದ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಭಾಗ) ಇದೆ, ಕಡಿಮೆ ಅಕ್ಷಾಂಶಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ನಮ್ಮ ಕೈಯಲ್ಲಿರುವುದು ಅಂಗಡಿಯಲ್ಲಿ ಸಿಗುವ ಜರ್ಮನ್ ಈಕ್ವಟೋರಿಯಲ್ ಮೌಂಟ್: ಒಂದು ಅಕ್ಷ ಧ್ರುವದತ್ತ ನಿಂತು, ಒಂದು ಬದಿಗೆ ಟೆಲಿಸ್ಕೋಪ್, ಇನ್ನೊಂದು ಬದಿಗೆ ತೂಕ ಇರುವಂಥದ್ದು. ಅದನ್ನು ಬದಲಿಸಲಾಗುವುದಿಲ್ಲ, ಆದರೆ ಅದರ ಸುತ್ತಲಿನದನ್ನೆಲ್ಲ ನಮಗೆ ಬೇಕಾದಂತೆ ಕಟ್ಟಿಕೊಳ್ಳಬಹುದು.

ಇಲ್ಲಿನ ಅಳತೆಗಳು 70–100 ಮಿಮೀ ರಿಫ್ರ್ಯಾಕ್ಟರ್ (ಮಸೂರದ ಟೆಲಿಸ್ಕೋಪ್), 15–20 ಕೆಜಿ ಹೊರುವ ಮೌಂಟ್, ಒಂದು ಕೂಲ್ಡ್ ಕ್ಯಾಮೆರಾ (ಸೆನ್ಸರನ್ನು ತಣಿಸುವ ಕ್ಯಾಮೆರಾ) ಮತ್ತು 8×8 ಅಡಿಯ ಕೋಣೆಗೆ ಹೊಂದುವಂಥವು.

ಜಾಗ

30×40 ಸೈಟಿನ ಮನೆಗೆ ಹಿತ್ತಲೆಂಬುದೇ ಇರುವುದಿಲ್ಲ, ತಾರಸಿಯೇ ಗತಿ. ತೋಟದ ಮನೆ ಇದ್ದವರು ಮಾತ್ರ ನೆಲದ ಮೇಲೆಯೇ ಕಟ್ಟಲಿ. ನೆಲದಲ್ಲಿ ಅಲುಗಾಟ ಕಡಿಮೆ, ರಾತ್ರಿ ಬೇಗ ತಣಿಯುತ್ತದೆ.

ಮೊದಲು ಟೆಲಿಸ್ಕೋಪ್ ಬರುವ ಜಾಗದಲ್ಲಿ ನಿಂತು ಫೋನಿನ ಲೆವೆಲ್ ಆ್ಯಪ್‌ನಿಂದ ಸುತ್ತಲಿನ ಅಡ್ಡಿಗಳ ಎತ್ತರವನ್ನು ಡಿಗ್ರಿಯಲ್ಲಿ ಬರೆದುಕೊಳ್ಳಿ: ಓವರ್‌ಹೆಡ್ ಟ್ಯಾಂಕ್, ತೆಂಗಿನ ಮರ, ಪಕ್ಕದ ಮನೆಯ ಮೂರನೇ ಅಂತಸ್ತು. ದಕ್ಷಿಣ ದಿಕ್ಕು ತೆರೆದಿರುವುದು ಎಲ್ಲಕ್ಕಿಂತ ಮುಖ್ಯ. ಯುರೋಪಿನ ಬಹುಪಾಲು ಹವ್ಯಾಸಿಗಳಿಗೆ ಕಾಣದ ಒಮೆಗಾ ಸೆಂಟಾರಿ ಗೋಳಗುಚ್ಛ ಬೆಂಗಳೂರಿನಲ್ಲಿ ಸುಮಾರು 29 ಡಿಗ್ರಿ, ಸೆಂಟಾರಸ್ ಎ ಗೆಲಾಕ್ಸಿ 34 ಡಿಗ್ರಿ, ಕರೀನಾ ನೀಹಾರಿಕೆ 17 ಡಿಗ್ರಿ ಎತ್ತರಕ್ಕೆ ಬರುತ್ತವೆ. ಇಷ್ಟು ದೊಡ್ಡ ವರವನ್ನು ಒಂದು ಟ್ಯಾಂಕಿನ ನೆರಳಿಗೆ ಬಿಟ್ಟುಕೊಡಬೇಡಿ. ಉತ್ತರದಲ್ಲಿ ಧ್ರುವವೇ ಮರೆಯಾಗಿದ್ದರೂ ಕೆಲಸ ನಿಲ್ಲುವುದಿಲ್ಲ, ಅದರ ಉಪಾಯ ಮುಂದಿದೆ.

ಬೀದಿ ದೀಪ ನೇರವಾಗಿ ಟೆಲಿಸ್ಕೋಪಿನ ಬಾಯಿಗೆ ಬೀಳುತ್ತಿದ್ದರೆ ಆ ಬದಿಗೆ ನರ್ಸರಿಯವರು ಬಳಸುವ 75 ಅಥವಾ 90 ಪರ್ಸೆಂಟಿನ ಶೇಡ್ ನೆಟ್ ಕಟ್ಟಿ. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತದೆ, ಆದ್ದರಿಂದ ವೀಕ್ಷಣಾಲಯದ ಗೋಡೆಗೆ ಬಿಗಿಯದೆ ಪ್ಯಾರಾಪೆಟ್ಟಿಗೆ ನಿಲ್ಲಿಸಿದ ಬೇರೆ ಕಂಬಗಳಿಗೆ ಬಿಗಿಯಿರಿ.

ಕಂಬ

ಟೆಲಿಸ್ಕೋಪ್ ನಿಲ್ಲುವ ಕಂಬಕ್ಕೆ ಪಿಯರ್ ಎನ್ನುತ್ತಾರೆ. ಅದು ಕೋಣೆಯ ನೆಲಕ್ಕಾಗಲಿ ಗೋಡೆಗಾಗಲಿ ಎಲ್ಲೂ ತಾಗಕೂಡದು. ತಾಗಿದರೆ ನೀವಿಟ್ಟ ಪ್ರತಿ ಹೆಜ್ಜೆಯೂ ಫೋಟೊದಲ್ಲಿ ನಕ್ಷತ್ರದ ಬಾಲವಾಗಿ ಮೂಡುತ್ತದೆ.

ತಾರಸಿಯಲ್ಲಾದರೆ ಸ್ಲ್ಯಾಬಿನ ನಡುವೆ ಪಿಯರ್ ನಿಲ್ಲಿಸಬೇಡಿ. ಸ್ಲ್ಯಾಬಿನ ನಡುಭಾಗ ಅಲುಗುತ್ತದೆ, ಕೆಳಗೆ ವಾಷಿಂಗ್ ಮಷಿನ್ ತಿರುಗಿದರೂ ಗೈಡಿಂಗ್ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟಿನ ಓಟವನ್ನು ತಿದ್ದುವುದು) ಗ್ರಾಫಿನಲ್ಲಿ ಕಾಣುತ್ತದೆ. ಕೆಳಗಿನ ಕಾಲಂ ನೇರಕ್ಕೆ ನಿಲ್ಲಿಸಿ. ಮುಂದೆ ಮಹಡಿ ಎಬ್ಬಿಸಲು ಬಿಟ್ಟ ಕಾಲಂ ಕಂಬಿಗಳು ಎಷ್ಟೋ ತಾರಸಿಗಳಲ್ಲಿ ಇನ್ನೂ ನೆಟ್ಟಗೆ ನಿಂತಿರುತ್ತವೆ. ಅದಕ್ಕಿಂತ ಒಳ್ಳೆಯ ತಳಪಾಯ ಸಿಗದು. ಕಂಬಿಯ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆದು, ಸುತ್ತ ರಿಂಗ್ ಕಟ್ಟಿ, ಒಂದು ಅಡಿ ಎತ್ತರದ ಕಾಂಕ್ರೀಟ್ ಪೀಠ ಹಾಕಿಸಿ. ಹಸಿಯಿರುವಾಗಲೇ ಅದರಲ್ಲಿ ನಾಲ್ಕು 16 ಮಿಮೀ ಆ್ಯಂಕರ್ ಬೋಲ್ಟ್ ಕೂರಬೇಕು. ಬೇಸ್ ಪ್ಲೇಟಿನ ಅಳತೆಗೇ ತೂತು ಕೊರೆದ ಪ್ಲೈವುಡ್ಡಿನಲ್ಲಿ ಬೋಲ್ಟುಗಳನ್ನು ಮೊದಲೇ ಸಿಕ್ಕಿಸಿ ಇಳಿಸಿದರೆ ಆಮೇಲೆ ಪ್ಲೇಟ್ ಸಲೀಸಾಗಿ ಕೂರುತ್ತದೆ. ಕಂಬಿ ಇಲ್ಲದ ಕಡೆ ಕಾಲಂ ಎಲ್ಲಿದೆ ಎಂದು ಅಂದಾಜಿನಲ್ಲಿ ಕೊರೆಯಬೇಡಿ. ಮನೆಯ ಸ್ಟ್ರಕ್ಚರಲ್ ನಕ್ಷೆ ನೋಡಿ, ಇಲ್ಲವೇ ಎಂಜಿನಿಯರನ್ನು ಕರೆಸಿ. ವಾಟರ್‌ಪ್ರೂಫಿಂಗ್ ಪದರ ಒಮ್ಮೆ ತೂತಾದರೆ ಮಳೆಗಾಲದಲ್ಲಿ ಕೆಳಗಿನ ಕೋಣೆ ಸೋರುತ್ತದೆ.

ಪೀಠದ ಮೇಲೆ 6 ಇಂಚಿನ ಎಂಎಸ್ ಪೈಪು: ಹೊರವ್ಯಾಸ 168 ಮಿಮೀ, ದಪ್ಪ 6 ಮಿಮೀ, ತೂಕ ಮೀಟರಿಗೆ 24 ಕೆಜಿ. ಕೆಳಗೆ 300×300×12 ಮಿಮೀ ಪ್ಲೇಟ್ ವೆಲ್ಡ್ ಮಾಡಿಸಿ, ನಾಲ್ಕು ಮೂಲೆಗೆ ತ್ರಿಕೋನ ಗಸೆಟ್ ಕೊಡಿಸಿ. ಪೈಪಿನೊಳಗೆ ಚೆನ್ನಾಗಿ ಒಣಗಿಸಿದ ಮರಳು ತುಂಬಿದರೆ ಕಂಪನ ಬೇಗ ಅಡಗುತ್ತದೆ. ಹಸಿ ಮರಳು ತುಂಬಿದರೆ ಪೈಪು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ನೆಲದಲ್ಲಾದರೆ 3×3×3 ಅಡಿ ಗುಂಡಿ, 1:1.5:3 ಮಿಶ್ರಣ, 20 ಮಿಮೀ ಜಲ್ಲಿ, ಮೇಲಕ್ಕೆ 10 ಇಂಚಿನ ಪಿವಿಸಿ ಪೈಪನ್ನೇ ಅಚ್ಚಾಗಿ ನಿಲ್ಲಿಸಿ ಎರಕ. ಒಟ್ಟಿಗೆ ಏಳು ಮೂಟೆ ಸಿಮೆಂಟ್ ಬೇಕು. ಎರೆಮಣ್ಣಿನ ಸೀಮೆಯಲ್ಲಿ ಮೂರು ಅಡಿ ಸಾಲದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಪಿಯರ್ ವರ್ಷಕ್ಕೆರಡು ಸಲ ವಾಲುತ್ತದೆ. ಗರಸು ಸಿಗುವವರೆಗೆ ಅಗೆಸಿ. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಿ, 28 ದಿನ ಆದಮೇಲೆ ಮೌಂಟ್ ಏರಿಸಿ.

ಇನ್ನು ಪಿಯರಿನ ತಲೆ. ವಿದೇಶಿ ನಕ್ಷೆಗಳು ಹೆಚ್ಚು ಕೈಕೊಡುವುದು ಇಲ್ಲಿಯೇ. ಟೆಲಿಸ್ಕೋಪ್ ಧ್ರುವದ ಕಡೆ ಮುಖ ಮಾಡಿ ನಿಂತಾಗ ಕೌಂಟರ್‌ವೇಟ್ ಬಾರ್ (ಟೆಲಿಸ್ಕೋಪಿನ ಭಾರ ಸರಿದೂಗಿಸುವ ತೂಕ ಸಿಕ್ಕಿಸುವ ಸರಳು) ಲಂಬದಿಂದ ಅಕ್ಷಾಂಶದಷ್ಟು ಡಿಗ್ರಿ ಉತ್ತರಕ್ಕೆ ವಾಲಿರುತ್ತದೆ. 50 ಡಿಗ್ರಿಯ ಊರಿನಲ್ಲಿ ಅದು ಪಿಯರಿನಿಂದ ದೂರಕ್ಕೆ ಚಾಚುತ್ತದೆ. 13 ಡಿಗ್ರಿಯಲ್ಲಿ ಹೆಚ್ಚುಕಡಿಮೆ ನೇರ ಕೆಳಗೇ ಇಳಿಯುವುದರಿಂದ ತೂಕದ ಬಿಲ್ಲೆ ಪಿಯರಿಗೆ ಬಡಿಯುತ್ತದೆ. ಟ್ರೈಪಾಡ್ ಆದರೆ ಉತ್ತರದ ಕಾಲಿಗೆ ತಾಗುತ್ತದೆ. ಆದ್ದರಿಂದ ತಲೆಯ ಪ್ಲೇಟ್ ಮೌಂಟಿನ ಬುಡಕ್ಕಿಂತ ಅಗಲ ಇರಬಾರದು. ವೆಲ್ಡಿಂಗ್ ಮಾಡಿಸುವ ಮೊದಲು ಮೌಂಟನ್ನು ಮೇಜಿನ ಅಂಚಿನಲ್ಲಿಟ್ಟು, ನಿಮ್ಮ ಅಕ್ಷಾಂಶಕ್ಕೆ ಹೊಂದಿಸಿ, ಬಾರಿಗೆ ತೂಕ ಹಾಕಿ, ಆರ್‌ಎ ಅಕ್ಷವನ್ನು (ಧ್ರುವದತ್ತ ನಿಲ್ಲುವ ಅಕ್ಷ) ಪೂರ್ತಿ ತಿರುಗಿಸಿ ನೋಡಿ. ಬಿಲ್ಲೆಗೂ ಪಿಯರಿನ ಮೈ ಬರುವ ಜಾಗಕ್ಕೂ ನಡುವೆ 2 ಇಂಚಾದರೂ ಬಿಡುವಿರಲಿ. ಇಲ್ಲದಿದ್ದರೆ ಒಂದು ಸಣ್ಣ ಎಕ್ಸ್‌ಟೆನ್ಷನ್ ಹಾಕಿ ಮೌಂಟನ್ನು ಮೇಲಕ್ಕೆತ್ತಿ, ಅಥವಾ ಒಂದೇ ದೊಡ್ಡ ಬಿಲ್ಲೆಯನ್ನು ಬಾರಿನ ತುದಿಯಲ್ಲಿಡುವ ಬದಲು, ಒಟ್ಟು ತೂಕ ಹೆಚ್ಚಾಗುವಂತೆ ಹಲವು ಸಣ್ಣ ಬಿಲ್ಲೆಗಳನ್ನು ಬಾರಿನ ಮೇಲ್ಭಾಗದಲ್ಲಿ ಹಾಕಿ. ಮೌಂಟ್ ಕೊಳ್ಳುವಾಗಲೇ ಅದರ ಅಕ್ಷಾಂಶದ ಕೆಳಮಿತಿ ಎಷ್ಟೆಂದು ನೋಡಿರಿ. 20 ಡಿಗ್ರಿಗಿಂತ ಕೆಳಗಿಳಿಯದ ಮೌಂಟ್ ನಮಗೆ ನಿರುಪಯೋಗ.

ಗೋಡೆ ಮತ್ತು ಚಾವಣಿ

ಮೌಂಟಿನ ಎರಡು ಅಕ್ಷಗಳು ಸೇರುವ ಬಿಂದು ಕೋಣೆಯ ನೆಲದಿಂದ 5 ಅಡಿ ಎತ್ತರದಲ್ಲಿದೆ, ಉತ್ತರದ ಗೋಡೆ ಅಲ್ಲಿಂದ 4 ಅಡಿ ದೂರ ಎಂದಿಟ್ಟುಕೊಳ್ಳಿ. ಗೋಡೆ ಆ ಬಿಂದುವಿಗಿಂತ 6 ಇಂಚು ಮೇಲೆದ್ದರೆ 7 ಡಿಗ್ರಿ ಆಕಾಶ ಹೋಯಿತು. 11 ಇಂಚು ಎದ್ದರೆ ಧ್ರುವವೇ ಹೋಯಿತು. ಉತ್ತರ, ದಕ್ಷಿಣ ಎರಡೂ ಗೋಡೆಗಳನ್ನು 5 ಅಡಿಗೇ ನಿಲ್ಲಿಸಿ.

ಚಾವಣಿಯನ್ನು ಉತ್ತರಕ್ಕೆ ಸರಿಸಿ ಎಂದು ವಿದೇಶಿ ನಕ್ಷೆಗಳು ಹೇಳುತ್ತವೆ. ಚಾವಣಿಯ ತುದಿ 7 ಅಡಿ ಎತ್ತರವಿದ್ದು, ಸರಿದ ಮೇಲೆ ಅದರ ಹತ್ತಿರದ ಅಂಚು 5 ಅಡಿ ದೂರದಲ್ಲಿ ನಿಂತರೆ ಉತ್ತರದ 22 ಡಿಗ್ರಿ ಮುಚ್ಚುತ್ತದೆ. ಅವರಿಗೆ ಅದರಿಂದ ನಷ್ಟವಿಲ್ಲ, ನಮಗೆ ಧ್ರುವವೇ ಅದರ ಹಿಂದೆ. ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಸರಿಸಿ. ಎರಡರಲ್ಲಿ ಊರಿನ ಬೆಳಕು ಯಾವ ಕಡೆ ಜಾಸ್ತಿಯೋ ಆ ಕಡೆ. ಅಲ್ಲಿ 20 ಡಿಗ್ರಿ ಕೆಳಗೆ ಹೇಗೂ ಒಳ್ಳೆಯ ಫೋಟೊ ಬರುವುದಿಲ್ಲ.

ಚಾವಣಿಗೆ 40×40×2 ಮಿಮೀ ಚೌಕ ಪೈಪಿನ ಚೌಕಟ್ಟು, ಮೇಲೆ 0.5 ಮಿಮೀ ಕಲರ್ ಕೋಟೆಡ್ ಶೀಟು. ನಾಲ್ಕೂ ಕಡೆ 6 ಇಂಚು ಹೊರಚಾಚಿ, ಅಡಿಗೆ ಒಂದು ಇಂಚು ಇಳಿಜಾರು. 9×9 ಅಡಿಯ ಚಾವಣಿ 100 ಕೆಜಿ ಆಸುಪಾಸು ಬರುತ್ತದೆ. ಒಬ್ಬರೇ ತಳ್ಳಬಹುದು. ಹಳಿಗೆ 40×40×5 ಆ್ಯಂಗಲ್ಲನ್ನು ಬೆನ್ನು ಮೇಲಾಗಿ ಮಲಗಿಸಿ, ಅದರ ಮೇಲೆ ಸ್ಲೈಡಿಂಗ್ ಗೇಟಿನ 3 ಇಂಚಿನ ವಿ-ಗ್ರೂವ್ ಚಕ್ರಗಳನ್ನು ಓಡಿಸಿ. ಎರಡೂ ಹಳಿಗೆ ವಿ-ಗ್ರೂವ್ ಚಕ್ರ ಹಾಕಿದರೆ ಹಳಿಗಳ ಅಂತರ ಎಲ್ಲಾದರೂ 3–4 ಮಿಮೀ ತಪ್ಪಿದಾಗ ಚಾವಣಿ ಸಿಕ್ಕಿಕೊಳ್ಳುತ್ತದೆ. ಒಂದು ಹಳಿಗೆ ವಿ-ಗ್ರೂವ್, ಇನ್ನೊಂದಕ್ಕೆ ಚಪ್ಪಟೆ ಪಟ್ಟಿಯ ಮೇಲೆ ಚಪ್ಪಟೆ ಚಕ್ರ ಕೊಡಿ. ಬಿಸಿಲಿಗೆ ಕಬ್ಬಿಣ ಹಿಗ್ಗಿದರೂ ಚಾವಣಿ ಸಲೀಸಾಗಿ ಓಡುತ್ತದೆ. ಹಳಿಯ ಮಟ್ಟವನ್ನು ಮೇಸ್ತ್ರಿಗಳ ನೀರಿನ ಟ್ಯೂಬಿನಿಂದಲೇ ನೋಡಿ, 18 ಅಡಿ ಉದ್ದಕ್ಕೆ ಅದಕ್ಕಿಂತ ನಂಬಿಕಸ್ತ ಸಾಧನವಿಲ್ಲ.

ಮುಚ್ಚಿದ ಚಾವಣಿಯನ್ನು ನಾಲ್ಕು ಮೂಲೆಯಲ್ಲಿ ಟರ್ನ್‌ಬಕಲ್ ಹಾಕಿ ಗೋಡೆಗೆ ಬಿಗಿಯಲೇಬೇಕು. ಏಪ್ರಿಲ್-ಮೇ ತಿಂಗಳ ಗುಡುಗುಗಾಳಿಗೆ 100 ಕೆಜಿಯ ಶೀಟಿನ ಚಾವಣಿ ಏನೇನೂ ಅಲ್ಲ, ಅದು ಹಾರಿ ಬೀದಿಗೆ ಬಿದ್ದರೆ ಜೀವಕ್ಕೇ ಅಪಾಯ. ಹಳಿಯ ಎರಡೂ ತುದಿಗೆ ತಡೆ ಕೂಡ ಅಷ್ಟೇ ಕಡ್ಡಾಯ. ಟೆಲಿಸ್ಕೋಪ್ ನೆಟ್ಟಗಿರುವಾಗ ಚಾವಣಿ ಮುಚ್ಚಿದರೆ ಎರಡೂ ಜಖಂ. ಪಾರ್ಕ್ ಸ್ಥಿತಿಯಲ್ಲಿ (ಕೆಲಸ ಮುಗಿಸಿ ನಿಲ್ಲಿಸಿದಾಗ) ಕೊಳವೆ ಅಡ್ಡ ಮಲಗಿ, ಚಾವಣಿಯ ಅಡ್ಡಪಟ್ಟಿಯಿಂದ ಕನಿಷ್ಠ 4 ಇಂಚು ಕೆಳಗಿರಬೇಕು.

ತಾರಸಿಯ ಕಾಂಕ್ರೀಟ್ ಹಗಲಿಡೀ ಬಿಸಿಲು ಕುಡಿದು ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ. ಆ ಬಿಸಿಗಾಳಿಯಲ್ಲಿ ನಕ್ಷತ್ರಗಳು ಊದಿಕೊಳ್ಳುತ್ತವೆ. ಸುತ್ತ ಹತ್ತು ಅಡಿಯಷ್ಟು ಜಾಗಕ್ಕೆ ಬಿಳಿ ಕೂಲ್ ರೂಫ್ ಪೇಂಟ್ ಬಳಿಸಿ, ಸೂರ್ಯಾಸ್ತದ ಹೊತ್ತಿಗೇ ಚಾವಣಿ ತೆಗೆದಿಡಿ. ಸೂಕ್ಷ್ಮ ವಿವರ ಬೇಕಾದ ಗುರಿಗಳನ್ನು ರಾತ್ರಿ 11ರ ನಂತರಕ್ಕೆ ಇಟ್ಟುಕೊಳ್ಳಿ.

ಕರೆಂಟು

ಪಿಯರಿನ ಹತ್ತಿರ 230 ವೋಲ್ಟ್ ಬೇಡ. ಇಬ್ಬನಿಯಲ್ಲಿ ಒದ್ದೆ ಕೈಯಿಂದ ಮುಟ್ಟುವ ಜಾಗ ಅದು. ಕೆಳಗಿಂದ ಬರುವ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಗೋಡೆಯ ಪೆಟ್ಟಿಗೆಯಲ್ಲಿ 12 ವೋಲ್ಟಿಗೆ ಇಳಿಸಿ, ಅಲ್ಲಿಂದ ಮುಂದಕ್ಕೆ 12 ವೋಲ್ಟ್ ಮಾತ್ರ ಒಯ್ಯಿರಿ. ಮೌಂಟ್ 20 ವಾಟ್, ಕ್ಯಾಮೆರಾ ಕೂಲರ್ 25–30, ಮಿನಿ ಪಿಸಿ 15, ಇಬ್ಬನಿ ಹೀಟರ್ 15–20: ಹೆಚ್ಚುಕಡಿಮೆ 80 ವಾಟ್. ಎಂಟು ಗಂಟೆಗೆ 640 ವಾಟ್-ಅವರ್. 12.8 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿರುವುದು ಅಷ್ಟೇ, ಆದ್ದರಿಂದ 100ರದ್ದು ತೆಗೆದುಕೊಳ್ಳಿ. ಕರೆಂಟು ಹೋಗಿ ಬಂದಾಗ ಮೌಂಟ್ ತಾನಿರುವ ದಿಕ್ಕನ್ನೇ ಮರೆಯುತ್ತದೆ. ಬ್ಯಾಟರಿ ಬೇಕಾಗಿರುವುದು ಮುಖ್ಯವಾಗಿ ಅದಕ್ಕೆ. ಮಿಂಚಿನ ಕಾಲದಲ್ಲಿ ಪವರ್ ಕೇಬಲ್ ಜೊತೆಗೆ ನೆಟ್‌ವರ್ಕ್ ಕೇಬಲ್ ಕೂಡ ಕೀಳಬೇಕು, ಮಿಂಚಿನ ಪೆಟ್ಟು ಅದರ ಮೂಲಕವೂ ಬರುತ್ತದೆ.

ಧ್ರುವಕ್ಕೆ ಹೊಂದಿಸುವುದು

ಮೊದಲು ಉತ್ತರ ದಿಕ್ಕು. ಕಬ್ಬಿಣದ ಕೋಣೆಯೊಳಗೆ ದಿಕ್ಸೂಚಿ ಸುಳ್ಳು ಹೇಳುತ್ತದೆ. ಡಿಸೆಂಬರ್-ಜನವರಿಯಲ್ಲಿ ಮಧ್ಯಾಹ್ನದ ನೆರಳಿನಿಂದ ಗೆರೆ ಎಳೆಯುವುದು ಹೆಚ್ಚು ನಿಖರ. ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ಸೂರ್ಯ ಮೆರಿಡಿಯನ್ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ರೇಖೆ) ದಾಟುವುದು 12 ಗಂಟೆ 20 ನಿಮಿಷದ ಸುಮಾರಿಗೆ. ಆ ಕ್ಷಣದಲ್ಲಿ ತೂಗುಗುಂಡಿನ ದಾರದ ನೆರಳೇ ಉತ್ತರ-ದಕ್ಷಿಣ ರೇಖೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇದನ್ನು ಮಾಡಲು ಹೋಗಬೇಡಿ, ಬೆಂಗಳೂರಿನಲ್ಲಿ ಅವು ಶೂನ್ಯ ನೆರಳಿನ ದಿನಗಳು.

ಆಮೇಲೆ ರಾತ್ರಿ ಕೆಲಸ:

1. ಮೌಂಟಿನ ಅಕ್ಷಾಂಶದ ಬೋಲ್ಟನ್ನು ಗುರಿಗಿಂತ ಕೊಂಚ ಕೆಳಗಿಳಿಸಿ, ಕೊನೆಯ ಚಲನೆ ಯಾವಾಗಲೂ ಮೇಲಕ್ಕೇ ಆಗುವಂತೆ ತಿರುಗಿಸಿ. ಇಳಿಸುತ್ತ ನಿಲ್ಲಿಸಿದರೆ ಭಾರಕ್ಕೆ ಆಮೇಲೆ ಜಗ್ಗುತ್ತದೆ.

2. ಧ್ರುವ ಕಾಣದಿದ್ದರೆ ಅಥವಾ ಹೊಗೆ-ಮಂಜಿನಲ್ಲಿ ಮಸುಕಾಗಿದ್ದರೆ ಖಗೋಳ ಫೋಟೊ ತೆಗೆಯುವ ನೀನಾ ತಂತ್ರಾಂಶದ ತ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಬಳಸಿ. ಆಕಾಶದ ಯಾವುದೇ ಭಾಗದಲ್ಲಿ ಮೂರು ಫೋಟೊ ತೆಗೆದು, ಪ್ಲೇಟ್ ಸಾಲ್ವ್ ಮಾಡಿ (ಫೋಟೊದ ನಕ್ಷತ್ರಗಳಿಂದ ಅದು ಆಕಾಶದ ಯಾವ ಜಾಗವೆಂದು ಗುರುತಿಸಿ), ಅಕ್ಷ ಎಷ್ಟು ತಪ್ಪಿದೆ ಎಂದು ತಿಳಿಸುತ್ತದೆ.

3. 13 ಡಿಗ್ರಿ ಎತ್ತರದಲ್ಲಿ ವಾತಾವರಣದ ವಕ್ರೀಭವನ ನಕ್ಷತ್ರವನ್ನು ಸುಮಾರು 4 ಆರ್ಕ್‌ಮಿನಿಟ್ (ಡಿಗ್ರಿಯ 60ರಲ್ಲಿ ಒಂದು ಭಾಗ ಒಂದು ಆರ್ಕ್‌ಮಿನಿಟ್) ಮೇಲಕ್ಕೆತ್ತಿ ತೋರಿಸುತ್ತದೆ. ಪೋಲಾರ್ ಸ್ಕೋಪ್ (ಧ್ರುವ ನೋಡಲು ಮೌಂಟಿನಲ್ಲಿರುವ ಸಣ್ಣ ದುರ್ಬೀನು) ಒಂದನ್ನೇ ನಂಬಿದರೆ ಈ ತಪ್ಪು ಉಳಿದುಬಿಡುತ್ತದೆ. ತಂತ್ರಾಂಶದಲ್ಲಿ ವಕ್ರೀಭವನದ ಹೊಂದಾಣಿಕೆ ಇದ್ದರೆ ಆನ್ ಮಾಡಿ. 400–600 ಮಿಮೀ ಫೋಕಲ್ ಲೆಂತಿಗೆ 1–2 ಆರ್ಕ್‌ಮಿನಿಟ್ ಒಳಗೆ ಬಂದರೆ ಸಾಕು.

4. ಗೈಡಿಂಗ್ ತಂತ್ರಾಂಶ ಪಿಎಚ್‌ಡಿ2ನಲ್ಲಿ ಕ್ಯಾಲಿಬ್ರೇಶನ್ನನ್ನು ಖಗೋಳ ಸಮಭಾಜಕದ ಹತ್ತಿರ, ಮೆರಿಡಿಯನ್ ಪಕ್ಕದಲ್ಲಿ ಮಾಡಿ. ನಮಗೆ ಆ ಜಾಗ 77 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ, ನಿರ್ಮಲವಾದ ಗಾಳಿಯಲ್ಲಿದೆ.

5. ನೆತ್ತಿಯ ಮೇಲಿನ ಗುರಿಗಳಿಗೆ ಟೆಲಿಸ್ಕೋಪಿನ ಹಿಂಭಾಗ, ಕ್ಯಾಮೆರಾ ಸಮೇತ, ಪಿಯರಿನ ಪಕ್ಕಕ್ಕೇ ಬರುತ್ತದೆ. ಹಗಲಲ್ಲೇ ಎರಡೂ ಬದಿಗೆ ತಿರುಗಿಸಿ ನೋಡಿ, ಎಲ್ಲಿ ತಾಗುತ್ತದೋ ಅದಕ್ಕೆ 10 ನಿಮಿಷ ಮೊದಲೇ ಮೆರಿಡಿಯನ್ ಫ್ಲಿಪ್ (ಟೆಲಿಸ್ಕೋಪ್ ಪಿಯರಿನ ಇನ್ನೊಂದು ಬದಿಗೆ ಮಗುಚುವುದು) ಆಗುವಂತೆ ಮಿತಿ ಹಾಕಿ. ಕೇಬಲ್ ಎಳೆತವನ್ನೂ ಆಗಲೇ ನೋಡಿಕೊಳ್ಳಿ.

ಫೋಟೊ

ಪಿಕ್ಸೆಲ್ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಫೋಕಲ್ ಲೆಂತಿನ ಮಿಲಿಮೀಟರಿನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ (ಆರ್ಕ್‌ಮಿನಿಟಿನ 60ರಲ್ಲಿ ಒಂದು ಭಾಗ) ಆಕಾಶ ನೋಡುತ್ತದೆಂದು ಸಿಗುತ್ತದೆ. 3.76 ಮೈಕ್ರಾನ್ ಕ್ಯಾಮೆರಾ, 400 ಮಿಮೀ ಕೊಳವೆ: 1.9. ತಾರಸಿಯ ಗಾಳಿಗೆ ಇದು ಹೇಳಿ ಮಾಡಿಸಿದ್ದು. 0.7ಕ್ಕೆ ಇಳಿದರೆ ವಿವರ ಹೆಚ್ಚುವುದಿಲ್ಲ, ಗೈಡಿಂಗ್ ಕಷ್ಟ ಮಾತ್ರ ಹೆಚ್ಚುತ್ತದೆ.

ಕೂಲ್ಡ್ ಕ್ಯಾಮೆರಾಗಳು ಸಾಮಾನ್ಯವಾಗಿ ಹೊರಗಿನ ಉಷ್ಣತೆಗಿಂತ 35 ಡಿಗ್ರಿಯಷ್ಟು ತಣಿಸಬಲ್ಲವು. ಏಪ್ರಿಲ್ ರಾತ್ರಿಯ 27 ಡಿಗ್ರಿಯಲ್ಲಿ ಮೈನಸ್ 10 ಕೇಳಿದರೆ ಕೂಲರ್ ನೂರು ಪರ್ಸೆಂಟಿಗೆ ಹೋಗಿ ಉಷ್ಣತೆ ತೂಗಾಡುತ್ತದೆ, ಡಾರ್ಕ್ ಫ್ರೇಮುಗಳು (ಸೆನ್ಸರಿನ ಗದ್ದಲ ಕಳೆಯಲು ಮುಚ್ಚಳ ಹಾಕಿ ತೆಗೆಯುವ ಫೋಟೊಗಳು) ಹೊಂದುವುದಿಲ್ಲ. ವರ್ಷವಿಡೀ 0 ಡಿಗ್ರಿ ಇಟ್ಟು, ಒಂದೇ ಸಲ 30 ಡಾರ್ಕ್ ತೆಗೆದಿಟ್ಟುಕೊಳ್ಳುವುದು ಜಾಣತನ.

ನಗರದೊಳಗಿನಿಂದ ಎಫ್/5–ಎಫ್/6ರಲ್ಲಿ ಫಿಲ್ಟರ್ ಇಲ್ಲದೆ 60 ಸೆಕೆಂಡ್, ಡ್ಯುಯಲ್ ಬ್ಯಾಂಡ್ ಫಿಲ್ಟರ್ (ನೀಹಾರಿಕೆಯ ಎರಡು ಬಣ್ಣದ ಬೆಳಕನ್ನಷ್ಟೇ ಬಿಡುವಂಥದ್ದು) ಹಾಕಿ 300 ಸೆಕೆಂಡ್ ಒಳ್ಳೆಯ ಆರಂಭ. ಹಿಸ್ಟೋಗ್ರಾಮಿನ (ಫೋಟೊದ ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡಗಡೆಯ ಅಂಚಿನಿಂದ ಪೂರ್ತಿ ಬಿಟ್ಟುಕೊಂಡಿದ್ದರೆ ಒಂದೊಂದು ಫ್ರೇಮಿಗೂ ಇನ್ನಷ್ಟು ಸಮಯ ಕೊಡಬೇಕಿಲ್ಲ. ಫ್ರೇಮುಗಳ ಸಂಖ್ಯೆ ಹೆಚ್ಚಿಸಿ, ಒಂದು ಗುರಿಗೆ ಒಟ್ಟು 5–10 ಗಂಟೆ ಕೂಡಿಸಿ. ಮಹಾವ್ಯಾಧ (ಒರಾಯನ್) ನೀಹಾರಿಕೆಯ ನಡುಭಾಗ ಮಾತ್ರ ಬೇಗ ಸುಟ್ಟುಹೋಗುತ್ತದೆ, ಅದಕ್ಕೆ 5–10 ಸೆಕೆಂಡಿನ ಬೇರೆ ಕಂತು ಬೇಕು.

ಫ್ಲ್ಯಾಟ್ ಫ್ರೇಮಿಗೆ (ಧೂಳಿನ ಕಲೆ, ಅಂಚಿನ ಮಬ್ಬು ತಿದ್ದಲು ಸಮನಾದ ಬೆಳಕಿನಲ್ಲಿ ತೆಗೆಯುವ ಫೋಟೊ) ಸಂಜೆಗತ್ತಲು ಕಾಯಬೇಡಿ, ನಮ್ಮಲ್ಲಿ ಅದು ಬೇಗ ಮುಗಿದುಹೋಗುತ್ತದೆ. ಎಲ್‌ಇಡಿ ಟ್ರೇಸಿಂಗ್ ಪ್ಯಾಡಿನ ಮೇಲೆ ನಾಲ್ಕಾರು ಎ4 ಹಾಳೆ ಇಟ್ಟು ಕೊಳವೆಯ ಬಾಯಿಗೆ ಹಿಡಿಸಿ. ಎಕ್ಸ್‌ಪೋಷರ್ ಒಂದು ಸೆಕೆಂಡಿಗಿಂತ ಹೆಚ್ಚಿದ್ದರೆ ಎಲ್‌ಇಡಿ ಮಿಣುಕು ಪಟ್ಟೆಗಳು ಬರುವುದಿಲ್ಲ. ಕ್ಯಾಮೆರಾ ಒಂದಿಷ್ಟು ತಿರುಗಿದರೂ ಹೊಸ ಫ್ಲ್ಯಾಟ್ ತೆಗೆಯಬೇಕು. ಫೋಟೊಗಳನ್ನು ಜೋಡಿಸಲು ಸಿರಿಲ್ ಎಂಬ ತಂತ್ರಾಂಶ ಸಾಕು, ಉಚಿತವಾಗಿ ಸಿಗುತ್ತದೆ.

ಮಳೆಗಾಲ

ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಸುಗ್ಗಿ. ಡಿಸೆಂಬರಿನಲ್ಲಿ ಮಹಾವ್ಯಾಧ ನಡುರಾತ್ರಿಗೆ ನೆತ್ತಿಯ ಹತ್ತಿರ, ಮಾರ್ಚ್ ಮಧ್ಯದಲ್ಲಿ ಕರೀನಾ ಅದೇ ಹೊತ್ತಿಗೆ ದಕ್ಷಿಣದಲ್ಲಿ. ಜೂನ್ ಬಂತೆಂದರೆ ಕೊಳವೆ, ಕ್ಯಾಮೆರಾ, ಫಿಲ್ಟರುಗಳನ್ನು ಕೆಳಗಿಳಿಸಿ. ವೀಕ್ಷಣಾಲಯದಲ್ಲೇ ಬಿಟ್ಟರೆ ಗಾಜಿನ ಮೇಲೆ ಬೂಷ್ಟು ಜೇಡರ ಬಲೆಯಂತೆ ಎಳೆ ಬಿಡುತ್ತದೆ. ಲೇಪನವನ್ನು ಒಮ್ಮೆ ಅದು ತಿಂದರೆ ಒರೆಸಿದರೂ ಕಲೆ ಉಳಿಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇದಕ್ಕೆ ಒಂದು ಮಳೆಗಾಲವೇ ಸಾಕು. ಡ್ರೈ ಕ್ಯಾಬಿನೆಟ್ಟಿನಲ್ಲಿ ತೇವಾಂಶ 45–50 ಪರ್ಸೆಂಟ್ ಇರಲಿ. ಇಲ್ಲವಾದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್. ಜೆಲ್ ಬಣ್ಣ ತಿರುಗಿದಾಗ ಓವನ್ನಿನಲ್ಲಿ 110–120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು.

ಮೌಂಟ್ ಪಿಯರಿನ ಮೇಲೇ ಇರಲಿ, ಕೆಳಗಿಳಿಸಿದರೆ ಅಲೈನ್‌ಮೆಂಟ್ ಕೆಡುತ್ತದೆ. ಅದಕ್ಕೆ ಬಟ್ಟೆಯ ಕವಚ ಹಾಕಿ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ಒಳಗೇ ಬೆವರುತ್ತದೆ. ಪೋಲಾರ್ ಸ್ಕೋಪಿನ ರಂಧ್ರ, ಯುಎಸ್‌ಬಿ ಬಾಯಿಗಳು, ಖಾಲಿ ಸ್ಕ್ರೂ ತೂತುಗಳು ಇವನ್ನೆಲ್ಲ ಟೇಪಿನಿಂದ ಮುಚ್ಚಿ. ಕಣಜದ ಹುಳುಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ, ಹಲ್ಲಿಗಳು ಕಂಟ್ರೋಲ್ ಪೆಟ್ಟಿಗೆಗೆ ನುಗ್ಗಿ ಶಾರ್ಟ್ ಮಾಡುತ್ತವೆ. ಗಾಳಿಕಿಂಡಿಗಳಿಗೆ ಸೊಳ್ಳೆ ಪರದೆಯ ಸ್ಟೀಲ್ ಜಾಲರಿ ಬೇಕು.

ಮಳೆ ನಿಂತ ಮೇಲೆ ಮತ್ತೆ ಏರಿಸುವ ದಿನ ಮೊದಲು ಪಿಯರಿನ ಬೋಲ್ಟುಗಳನ್ನು ಬಿಗಿಮಾಡಿ, ಹಳಿಯ ತುಕ್ಕು ಉಜ್ಜಿ, ಚಕ್ರದ ಬೇರಿಂಗಿಗೆ ಗ್ರೀಸ್ ಹಚ್ಚಿ, ಚಾವಣಿಯನ್ನು ಮೂರ್ನಾಲ್ಕು ಸಲ ಪೂರ್ತಿ ಓಡಿಸಿ ನೋಡಿ. ಕೊಳವೆ ಕೂರಿಸಿ ಬ್ಯಾಲೆನ್ಸ್ ಮಾಡಿದ ಮೇಲೆ ಧ್ರುವದ ಹೊಂದಾಣಿಕೆಯನ್ನು ಮೂರು ಬಿಂದುವಿನ ವಿಧಾನದಲ್ಲಿ ಮತ್ತೊಮ್ಮೆ ಅಳೆಯಿರಿ. 2 ಆರ್ಕ್‌ಮಿನಿಟಿಗಿಂತ ಹೆಚ್ಚು ಸರಿದಿದ್ದರೆ ಮಳೆಯಲ್ಲಿ ತಳ ಕುಸಿದಿದೆ ಅಥವಾ ಬೋಲ್ಟ್ ಸಡಿಲಾಗಿದೆ ಎಂದರ್ಥ. ಹೊಸದಾಗಿ ಹೊಂದಿಸುವ ಮೊದಲು ಎರಡರಲ್ಲಿ ಯಾವುದೆಂದು ಪತ್ತೆ ಮಾಡಿ.